ಏಳು ವಾರ ರಜೆ ಇದೆ, ಊರಲ್ಲಿ ಕೆಲಸವೂ ಇದೆ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಓದುಗರ ಪುಟದಲ್ಲಿ ಒಬ್ಬರು ಬರೆದಿದ್ದರು. ಬೇಸಿಗೆ ರಜೆ ಬಂತೆಂದರೆ ಹೈಸ್ಕೂಲ್ ಮಕ್ಕಳು ಮೊಬೈಲ್ ಹಿಡಿದು ಮೂಲೆ ಸೇರುತ್ತಾರೆ, ಅವರನ್ನು ಸಮಾಜಸೇವೆಗೆ ಹಚ್ಚಬೇಕು, ಗಿಡ ನೆಡಿಸಬೇಕು, ಕಡಲತೀರ ಸ್ವಚ್ಛ ಮಾಡಿಸಬೇಕು ಅಂತ. ಓದಿ ಖುಷಿಯೂ ಆಯ್ತು, ಸ್ವಲ್ಪ ಸಿಟ್ಟೂ ಬಂತು. ಖುಷಿ ಯಾಕೆಂದರೆ ಮಕ್ಕಳ ರಜೆಯ ಬಗ್ಗೆ ಯಾರೋ ಒಬ್ಬರು ಕೂತು ಯೋಚನೆ ಮಾಡಿದ್ದಾರೆ. ಸಿಟ್ಟು ಯಾಕೆಂದರೆ ಎಪ್ರಿಲ್ ತಿಂಗಳಲ್ಲಿ ಗಿಡ ನೆಡಿಸುವ ಮಾತನ್ನು ಬೇರೆ ಯಾರಾದರೂ ಆಡಲಿ, ನಮ್ಮ ಜಿಲ್ಲೆಯವರು ಆಡಬಾರದು.

ನಾನು ಉತ್ತರ ಕನ್ನಡದ ಕುಮಟಾ ತಾಲೂಕಿನವಳು. ಅಘನಾಶಿನಿ ಹೊಳೆ ಇನ್ನೇನು ಸಮುದ್ರ ಸೇರಬೇಕು ಅನ್ನುವ ಜಾಗದಲ್ಲಿ ನಮ್ಮ ಊರು. ಒಂದು ಕಡೆ ಗಜನಿ, ಅಂದರೆ ಉಪ್ಪುನೀರು ಹತ್ತುವ ಗದ್ದೆ ಬಯಲು, ಇನ್ನೊಂದು ಕಡೆ ಗುಡ್ಡ. ಊರಿನ ಬ್ರಾಂಚ್ ಪೋಸ್ಟ್ ಆಫೀಸಿನಲ್ಲಿ ಮೂವತ್ತು ವರ್ಷದ ಮೇಲೆ ಕೂತು ಎದ್ದು ಬಂದವಳು ನಾನು. ಊರವರಿಗೆ ನಾನು ಇವತ್ತಿಗೂ ಪೋಸ್ಟ್ ಅಕ್ಕೋರು. ಯಾರ ಮನೆಗೆ ಪಿಂಚಣಿ ಬರುತ್ತದೆ, ಯಾರ ಮಗ ಗೋವಾದಿಂದ ದುಡ್ಡು ಕಳಿಸುವುದು ನಿಲ್ಲಿಸಿದ, ಯಾರಿಗೆ ಓದಲು ಬರುವುದಿಲ್ಲ ಆದರೆ ಬರುತ್ತದೆ ಅಂತ ತೋರಿಸಿಕೊಳ್ಳುತ್ತಾರೆ, ಇದೆಲ್ಲ ನನಗೆ ಗೊತ್ತಿರುವುದು ಆ ಕುರ್ಚಿಯ ದೆಸೆಯಿಂದ.

ಮೊದಲು ಗಿಡದ ವಿಷಯ ಮುಗಿಸಿಬಿಡುತ್ತೇನೆ. ಎಪ್ರಿಲ್ 22ಕ್ಕೆ ಭೂಮಿ ದಿನ ಅಂತ ಬರುತ್ತದೆ. ಅವತ್ತು ಒಂದು ಗುಂಡಿ, ಒಂದು ಸಸಿ, ಆ ಸಸಿಗೆ ಹದಿನಾಲ್ಕು ಕೈ, ಒಂದು ಫೋಟೋ. ಮರುದಿನದಿಂದ ನೀರು ಹೊಯ್ಯುವವರು ಯಾರು? ಮೇ ತಿಂಗಳಲ್ಲಿ ನಮ್ಮ ಬಾವಿಗಳ ತಳ ಕಾಣುತ್ತದೆ, ಹೊಳೆ ಬದಿಯ ಬಾವಿಗಳಿಗೆ ಉಪ್ಪು ನೀರು ಹತ್ತುತ್ತದೆ. ಕುಡಿಯುವ ನೀರಿಗೇ ಕೊಡ ಹಿಡಿದು ನಿಂತಿರುವ ಕೇರಿಯಲ್ಲಿ ಸಸಿಗೆ ಯಾರು ನೀರು ಕೊಡುತ್ತಾರೆ, ಹೇಳಿ. ನಮ್ಮಲ್ಲಿ ನೆಡುವ ಕೆಲಸ ಏನಿದ್ದರೂ ಮೊದಲ ಮಳೆ ಬಿದ್ದ ಮೇಲೆ. ಬೇಸಿಗೆಯ ಕೆಲಸ ಬೀಜ ಆರಿಸುವುದು. ಅಂಕೋಲಾ ಹೊನ್ನಳ್ಳಿಯ ತುಳಸಿ ಗೌಡರು ಶಾಲೆ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿಗೆ ಸೇರಿ, ಯಾವ ತಾಯಿಮರದ ಬೀಜ ಒಳ್ಳೆಯದು, ಅದನ್ನು ಯಾವಾಗ ತೆಗೆಯಬೇಕು ಅನ್ನುವುದನ್ನು ಕೆಲಸ ಮಾಡುತ್ತಲೇ ಕಲಿತರು. ಅದಕ್ಕೇ ಪದ್ಮಶ್ರೀ ಬಂತು, 2021ರಲ್ಲಿ ಬರಿಗಾಲಲ್ಲಿ ದಿಲ್ಲಿಗೆ ಹೋಗಿ ತಗೊಂಡು ಬಂದರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಫೋಟೋ ಎಲ್ಲ ಶಾಲೆಯಲ್ಲೂ ಇದೆ, ಅವರು ಮಾಡಿದ ಕೆಲಸ ಮಾತ್ರ ಯಾವ ಶಿಬಿರದಲ್ಲೂ ನಾನು ಕಾಣಲಿಲ್ಲ. ಮಕ್ಕಳು ಮೇ ತಿಂಗಳಲ್ಲಿ ಮನೆ ಅಂಗಳದ ಮಾವಿನ ಗೊರಟು, ಹಲಸಿನ ಬೀಜ, ಮುರುಗಲ ಬೀಜ ಒಟ್ಟು ಮಾಡಿ ಮಣ್ಣು ತುಂಬಿದ ಪೊಟ್ಟಣಕ್ಕೆ ಹಾಕಿದರೂ ಸಾಕು. ಹಲಸಿನ ಬೀಜ ಒಣಗಿದರೆ ಹುಟ್ಟುವುದಿಲ್ಲ, ತಿಂದ ವಾರದಲ್ಲೇ ಮಣ್ಣಿಗೆ ಸೇರಬೇಕು. ಕಾಡಿಗೆ ಮಾತ್ರ ಕರೆದುಕೊಂಡು ಹೋಗಬೇಡಿ. ಸಿದ್ದಾಪುರ, ಹೊನ್ನಾವರದ ಕಡೆ ಕಾಡಿನ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆಯ ಕಾಲ ಮೇ ತನಕ ಮುಗಿದಿರುವುದಿಲ್ಲ.

ಕಡಲತೀರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಾರವಾರದಲ್ಲಿ ಪಹರೆ ವೇದಿಕೆಯವರು ವಾರ ತಪ್ಪದೆ ವರ್ಷಗಟ್ಟಲೆ ಪೊರಕೆ ಹಿಡಿದಿದ್ದಾರೆ, ಅದು ಬೇರೆ. ನಾನು ಹೇಳುತ್ತಿರುವುದು ವರ್ಷಕ್ಕೊಮ್ಮೆ ಟೀ ಶರ್ಟ್ ಹಂಚಿ, ಒಂದು ತಾಸು ಬಾಟ್ಲಿ ಹೆಕ್ಕಿಸಿ, ಪ್ಲಾಸ್ಟಿಕ್ ತಟ್ಟೆಯಲ್ಲಿ ಉಪ್ಪಿಟ್ಟು ಕೊಟ್ಟು ಕಳಿಸುವುದರ ಬಗ್ಗೆ. ಆ ತಟ್ಟೆ ಮತ್ತೆ ಎಲ್ಲಿಗೆ ಹೋಯ್ತು ಅಂತ ಕೇಳಬೇಡಿ.

ಸರಿ, ಹಾಗಾದರೆ ಏನು ಮಾಡಿಸಬೇಕು? ನಮ್ಮ ಊರಲ್ಲಿ ಹೋದ ವರ್ಷ ಆದದ್ದನ್ನು ಹೇಳುತ್ತೇನೆ. ದೊಡ್ಡ ಸಾಧನೆ ಅಂತ ಅಲ್ಲ. ಏಳು ಮಕ್ಕಳು ಸೇರಿದ್ದರು, ಕೊನೆಗೆ ಉಳಿದದ್ದು ಐದು.

ಶುರುವಾದದ್ದು ಒಬ್ಬ ಅಜ್ಜಿಯಿಂದ. ಹೊಳೆಯಲ್ಲಿ ಬೆಳಚು, ಅಂದರೆ ಚಿಪ್ಪುಮೀನು, ಹೆಕ್ಕಿ ಮಾರಿ ಮಕ್ಕಳನ್ನು ಸಾಕಿದ ಹೆಂಗಸು, ಈಗ ಸೊಂಟ ಬಗ್ಗುವುದಿಲ್ಲ. ಎಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಪ್ಲಾಸ್ಟಿಕ್ ಚೀಲ ಹಿಡಿದು ನಮ್ಮ ಮನೆ ಜಗಲಿಗೆ ಬಂದು ಕೂತರು. "ಅಕ್ಕೋರೆ, ಐದು ತಿಂಗಳಾಯ್ತು, ನನ್ನ ದುಡ್ಡು ಬರಲಿಲ್ಲ. ಸರ್ಕಾರದವರು ನನ್ನ ಹೆಸರು ಹೊಡೆದು ಹಾಕಿದ್ರಾ ಏನು, ನೋಡಿ" ಅಂದರು. ಸಂಧ್ಯಾ ಸುರಕ್ಷಾ ಪಿಂಚಣಿ, ತಿಂಗಳಿಗೆ 1200 ರೂಪಾಯಿ. ಐದು ತಿಂಗಳು ಅಂದರೆ 6000. ನನಗೆ ಕನ್ನಡಕ ಹಾಕಿದರೂ ಈಗಿನ ಪಾಸ್‌ಬುಕ್ಕಿನ ಅಕ್ಷರ ಕಾಣುವುದಿಲ್ಲ. ಪಕ್ಕದ ಮನೆಯ ಹುಡುಗಿ, ಒಂಬತ್ತನೇ ತರಗತಿ ಮುಗಿಸಿದವಳು, ನಮ್ಮ ಮನೆಯಲ್ಲೇ ಹಲಸಿನ ಹಪ್ಪಳ ಒಣಗಿಸಲು ಹಾಕುತ್ತಿದ್ದಳು. ಅವಳನ್ನು ಕರೆದೆ. ಅವಳು ಚೀಲದಲ್ಲಿದ್ದದ್ದನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಅರ್ಧ ತಾಸು ನೋಡಿದಳು. ಆಮೇಲೆ ಕೇಳಿದಳು, "ಅಜ್ಜಿ, ನಿಂಗೆ ಎರಡು ಪಾಸ್‌ಬುಕ್ ಯಾಕುಂಟು?"

ವಿಷಯ ಅಲ್ಲೇ ಇತ್ತು. ಹಿಂದಿನ ವರ್ಷ ಸಂಘದ ಸಾಲಕ್ಕೆಂದು ಬೇರೊಂದು ಬ್ಯಾಂಕಿನಲ್ಲಿ ಅಜ್ಜಿಯ ಹೆಸರಲ್ಲಿ ಖಾತೆ ತೆರೆದಿದ್ದರು. ಆಗ ಆಧಾರ್ ಕೊಟ್ಟಿದ್ದರು, ಹೆಬ್ಬೆಟ್ಟೂ ಒತ್ತಿದ್ದರು. ಆಧಾರ್ ಮೂಲಕ ಬರುವ ಸರ್ಕಾರಿ ಹಣ ಕೊನೆಗೆ ಯಾವ ಖಾತೆಗೆ ಜೋಡಣೆ ಆಗಿದೆಯೋ ಆ ಖಾತೆಗೆ ಹೋಗಿ ಬೀಳುತ್ತದೆ, ನೀವು ಯಾವ ಪಾಸ್‌ಬುಕ್ ಹಿಡಿದು ಕಾಯುತ್ತಿದ್ದೀರಿ ಅಂತ ಅದು ನೋಡುವುದಿಲ್ಲ. ದುಡ್ಡು ತಿಂಗಳು ತಿಂಗಳು ಬಂದಿತ್ತು. ಯಾರೂ ಕದ್ದಿರಲಿಲ್ಲ, ಯಾರೂ ಹೆಸರು ಹೊಡೆದಿರಲಿಲ್ಲ. ಅಜ್ಜಿ ಮಾತ್ರ ಐದು ತಿಂಗಳು ಹಳೇ ಬ್ಯಾಂಕಿನ ಕೌಂಟರಿಗೆ ಹೋಗಿ "ಬರಲಿಲ್ಲ" ಅನ್ನಿಸಿಕೊಂಡು ರಿಕ್ಷಾ ಬಾಡಿಗೆ ಕೊಟ್ಟು ವಾಪಸ್ ಬಂದಿದ್ದರು. ಬ್ಯಾಂಕಿನವರು ಸುಳ್ಳು ಹೇಳಲಿಲ್ಲ, ಅವರಲ್ಲಿ ಬಂದಿರಲಿಲ್ಲ, ಅಷ್ಟೇ. ಇನ್ನೊಂದು ಖಾತೆ ಇದೆಯಾ ಅಂತ ಕೇಳಲು ಅವರಿಗೆ ಪುರುಸೊತ್ತಿಲ್ಲ.

ಹುಡುಗಿ ಮರುದಿನ ಅಜ್ಜಿಯ ಜೊತೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬಂದಳು. ಸಂಜೆ ಹೊತ್ತಿಗೆ ಇನ್ನೂ ಮೂರು ಜನ ಚೀಲ ಹಿಡಿದು ಬಂದರು. ಮೂರನೇ ದಿನ ಜಗಲಿ ಸಾಲಲಿಲ್ಲ. ನಾನು ಪಂಚಾಯತಿಯ ಗ್ರಂಥಾಲಯಕ್ಕೆ, ಈಗ ಅರಿವು ಕೇಂದ್ರ ಅಂತಾರಲ್ಲ, ಅಲ್ಲಿಗೆ ಹೋಗಿ ಕೇಳಿದೆ. ಅಲ್ಲಿ ಮೇಜು ಇದೆ, ಫ್ಯಾನ್ ಇದೆ, ಮಧ್ಯಾಹ್ನ ಯಾರೂ ಇರುವುದಿಲ್ಲ. ಗ್ರಂಥಾಲಯ ನೋಡಿಕೊಳ್ಳುವ ಅಕ್ಕ ಒಪ್ಪಿದರು. ಹುಡುಗಿ ತನ್ನ ತರಗತಿಯ ಇಬ್ಬರನ್ನು ಕರೆದಳು. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ರಿಸಲ್ಟ್ ಕಾಯುತ್ತಾ ದೋಣಿ ನಿಲ್ಲುವ ದಕ್ಕೆಯ ಕಟ್ಟೆ ಮೇಲೆ ಕೂತಿರುತ್ತಿದ್ದ ನಾಲ್ಕು ಹುಡುಗರನ್ನು ನಾನು ಗದರಿಸಿ ಎಬ್ಬಿಸಿಕೊಂಡು ಬಂದೆ. ಹತ್ತನೇ ತರಗತಿ ಮುಗಿಸಿದವರಷ್ಟು ಖಾಲಿ ಇರುವ ಜನ ಊರಲ್ಲಿ ಬೇರೆ ಯಾರೂ ಇಲ್ಲ, ಗಮನಿಸಿದ್ದೀರಾ? ಪುಸ್ತಕ ಮುಟ್ಟಬೇಕಾಗಿಲ್ಲ, ಕಾಲೇಜು ಶುರುವಾಗಿಲ್ಲ, ಕೆಲಸಕ್ಕೆ ಯಾರೂ ತಗೊಳ್ಳುವುದಿಲ್ಲ. ಆದರೆ ಓದಲು ಬರೆಯಲು ಚೆನ್ನಾಗಿ ಬರುತ್ತದೆ, ಮೊಬೈಲಿನಲ್ಲಿ ಕಣ್ಣುಮುಚ್ಚಿ ಫಾರ್ಮ್ ತುಂಬುತ್ತಾರೆ. ಬೈದುಕೊಳ್ಳುವ ಮೊಬೈಲೇ ಇಲ್ಲಿ ಕೆಲಸಕ್ಕೆ ಬಂತು ನೋಡಿ.

ಆರು ವಾರ, ವಾರಕ್ಕೆ ಮೂರು ಮಧ್ಯಾಹ್ನ, ಎರಡೆರಡು ತಾಸು. ಬಂದ ಕೆಲಸ ಏನೇನು ಅಂದರೆ, ಪಿಂಚಣಿ ಎಲ್ಲಿಗೆ ಬೀಳುತ್ತಿದೆ ನೋಡುವುದು, ಗೃಹಲಕ್ಷ್ಮಿಯ 2000 ಯಾವ ತಿಂಗಳದ್ದು ಬಂದಿದೆ ಬಂದಿಲ್ಲ ಅಂತ ಗುರುತು ಹಾಕಿ ಕೊಡುವುದು, ರೇಷನ್ ಕಾರ್ಡಿನಲ್ಲಿ ಸೊಸೆಯ ಹೆಸರು ಇದೆಯಾ ನೋಡುವುದು, ಆಸ್ಪತ್ರೆಯ ಚೀಟಿ ಓದಿ ಯಾವ ಗುಳಿಗೆ ಬೆಳಿಗ್ಗೆ ಯಾವುದು ರಾತ್ರಿ ಅಂತ ಮಾತ್ರೆಯ ಪಟ್ಟಿಯ ಮೇಲೆ ಸೂರ್ಯ, ಚಂದ್ರ ಬರೆದು ಕೊಡುವುದು. ಆ ಸೂರ್ಯ ಚಂದ್ರ ಒಬ್ಬ ಹುಡುಗನ ಉಪಾಯ, ನನ್ನದಲ್ಲ. ಚೀಟಿಯ ಅಕ್ಷರ ತಿಳಿಯದಿದ್ದರೆ ಊಹೆ ಮಾಡಬಾರದು, ಆಶಾ ಕಾರ್ಯಕರ್ತೆಯನ್ನು ಕೇಳಿಯೇ ಬರೆಯಬೇಕು ಅಂತ ಗಟ್ಟಿಯಾಗಿ ಹೇಳಿದ್ದೆ. ಒಬ್ಬ ಅಜ್ಜ ಮಾತ್ರ ಯಾವ ಕಾಗದವನ್ನೂ ತರಲಿಲ್ಲ. ದಿನಾ ಬಂದು ಪೇಪರ್ ಓದಿಸಿಕೊಂಡು ಹೋಗುತ್ತಿದ್ದರು. ಅದರಲ್ಲೂ ಶ್ರದ್ಧಾಂಜಲಿಯ ಪುಟ ಮೊದಲು.

ತಪ್ಪುಗಳೂ ಆದವು. ಎರಡನೇ ವಾರ ಒಬ್ಬ ಹುಡುಗ ಒಬ್ಬರ ಎಟಿಎಂ ಪಿನ್ ನಂಬರನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ. ಒಳ್ಳೆ ಮನಸ್ಸಿನಿಂದಲೇ, ಅವರಿಗೆ ಮರೆತು ಹೋಗುತ್ತದೆ ಅಂತ. ನನಗೆ ಎದೆ ಧಸಕ್ ಅಂತು. ನಾಳೆ ಆ ಖಾತೆಯಲ್ಲಿ ನೂರು ರೂಪಾಯಿ ಆಚೆ ಈಚೆ ಆದರೂ ಕೆಟ್ಟ ಹೆಸರು ಬರುವುದು ಆ ಮಗುವಿಗೆ. ಆ ಹಾಳೆ ಹರಿದು ಸುಟ್ಟೆವು, ಅವರ ಮಗನಿಗೆ ಫೋನ್ ಮಾಡಿ ಪಿನ್ ಬದಲಿಸಿಕೊಳ್ಳಿ ಅಂದೆವು. ಅವನು ನನ್ನ ಮೇಲೆ ಕೂಗಾಡಿದ. ಕೂಗಾಡಿದ್ದು ಸರಿಯೇ. ಅವತ್ತಿನಿಂದ ಗೋಡೆ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆವು. ಪಿನ್ ಕೇಳಬೇಡಿ, ಹೇಳಿದರೂ ಕೇಳಿಸಿಕೊಳ್ಳಬೇಡಿ. ಓಟಿಪಿ ಬಂದರೆ ಅವರೇ ಒತ್ತಲಿ. ಮೂಲ ಕಾಗದ ಯಾರದ್ದೂ ಮನೆಗೆ ಒಯ್ಯಬೇಡಿ. ಯಾರ ಮನೆಗಾದರೂ ಹೋಗುವುದಿದ್ದರೆ ಇಬ್ಬರು ಹೋಗಿ, ಒಬ್ಬರೇ ಹೋಗಬೇಡಿ. ಈ ಕೊನೆಯದು ಮಕ್ಕಳ ರಕ್ಷಣೆಗೂ ಬೇಕು, ಬಿಡಿಸಿ ಹೇಳುವುದು ಬೇಡ ಅಲ್ವಾ.

ಏಳರಲ್ಲಿ ಇಬ್ಬರು ಬಿಟ್ಟರು ಅಂದೆನಲ್ಲ. ಒಬ್ಬ ಕ್ರಿಕೆಟ್ ಟೂರ್ನಮೆಂಟಿಗೆ ಹೋದ. ಅದು ಅವನ ರಜೆ, ನನಗೆ ಬೇಜಾರಿಲ್ಲ. ಇನ್ನೊಬ್ಬಳು ಬಿಟ್ಟದ್ದು ಬೇರೆ ಕಾರಣಕ್ಕೆ. ಕೆಲಸ ಸ್ವಲ್ಪ ಪಳಗಿದ ಮೇಲೆ, ನಡೆಯಲಾಗದವರ ಮನೆಗೇ ಹೋಗೋಣ ಅಂತ ಕೇರಿಗಳನ್ನು ಹಂಚಿಕೊಂಡಿದ್ದೆವು. ಅವಳ ಪಾಲಿಗೆ ಬಂದ ಕೇರಿಯ ಹೆಸರು ಕೇಳಿ ಅವರ ಮನೆಯವರು "ಅಲ್ಲಿಗೆ ಯಾಕೆ, ಬೇರೆ ಕಡೆ ಹಾಕಿ" ಅಂದರು. ನಾನು ಬೇರೆ ಕಡೆ ಹಾಕಲಿಲ್ಲ. ಅವಳು ಬರುವುದು ನಿಂತಿತು. ಹುಡುಗಿಗೆ ಬರುವ ಮನಸ್ಸಿತ್ತು, ದಾರಿಯಲ್ಲಿ ಸಿಕ್ಕಾಗ ತಲೆ ತಗ್ಗಿಸುತ್ತಿದ್ದಳು. ನಾನು ಸ್ವಲ್ಪ ಬಗ್ಗಬೇಕಿತ್ತಾ, ಈಗಲೂ ಯೋಚಿಸುತ್ತೇನೆ. ಬಗ್ಗಿದ್ದರೆ ಉಳಿದ ಮಕ್ಕಳು ನನ್ನಿಂದ ಏನು ಕಲಿಯುತ್ತಿದ್ದರು ಅನ್ನುವುದೂ ಇದೆ.

ಹುಡುಗಿಯರದ್ದು ಇನ್ನೊಂದು ಮಾತಿದೆ. ರಜೆ ಅಂದರೆ ಹುಡುಗರಿಗೆ ರಜೆ. ಹುಡುಗಿಯರಿಗೆ ಹಪ್ಪಳ, ಸಂಡಿಗೆ, ಉಪ್ಪಿನಕಾಯಿಯ ಮಿಡಿ ಹೆಚ್ಚುವುದು, ತಮ್ಮನನ್ನು ನೋಡಿಕೊಳ್ಳುವುದು, ಮದುವೆ ಮನೆಯಲ್ಲಿ ಬಡಿಸುವುದು. ಮೀನುಗಾರರ ಮನೆಯ, ಉಪ್ಪಾಗರದಲ್ಲಿ ದುಡಿಯುವವರ ಮನೆಯ ಮಕ್ಕಳಂತೂ ಹುಡುಗರಿರಲಿ ಹುಡುಗಿಯರಿರಲಿ ರಜೆಯಲ್ಲಿ ಶಾಲೆಯ ದಿನಕ್ಕಿಂತ ಜಾಸ್ತಿ ದುಡಿಯುತ್ತಾರೆ. ಅವರಿಗೆ ಹೋಗಿ "ಸಮಾಜಸೇವೆ ಮಾಡು, ಸೋಮಾರಿ ಆಗಬೇಡ" ಅಂತ ಭಾಷಣ ಮಾಡಿದರೆ ನಗುತ್ತಾರೆ. ಹಾಗಾಗಿ ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಸಮವಸ್ತ್ರದಲ್ಲಿ ಹಾಜರಾಗಿ ಅನ್ನುವ ಶಿಬಿರಕ್ಕೆ ಬರುವುದು ಬರಲು ಆಗುವವರು ಮಾತ್ರ. ನಮಗೆ ಮಧ್ಯಾಹ್ನ ಮೂರರಿಂದ ಐದು ಸರಿಹೋಯಿತು. ಹಪ್ಪಳ ಒಣಗುತ್ತಿರುತ್ತದೆ, ಬಲೆ ಮನೆಗೆ ಬಂದಿರುತ್ತದೆ, ಬಿಸಿಲಿಗೆ ಹೊರಗೆ ಹೋಗಲು ಆಗುವುದೂ ಇಲ್ಲ.

ನನ್ನ ಅಕ್ಕನ ಮೊಮ್ಮಗಳು ಅಮೆರಿಕದ ಮೇರಿಲ್ಯಾಂಡಿನಲ್ಲಿ ಓದುತ್ತಾಳೆ. ಆ ರಾಜ್ಯದಲ್ಲಿ ಸರ್ಕಾರಿ ಹೈಸ್ಕೂಲ್ ಮುಗಿಸಬೇಕಾದರೆ 75 ತಾಸು ಸೇವೆ ಮಾಡಿರಲೇಬೇಕಂತೆ, ಇಲ್ಲದಿದ್ದರೆ ಸರ್ಟಿಫಿಕೇಟ್ ಇಲ್ಲ. 1990ರ ದಶಕದಿಂದ ಆ ನಿಯಮ ಇದೆ. ಅವಳು ಬೇಸಿಗೆಯಲ್ಲಿ ಲೈಬ್ರರಿಗೆ ಹೋಗಿ ಪುಟ್ಟ ಮಕ್ಕಳಿಗೆ ಕಥೆ ಓದಿ ಹೇಳುತ್ತಾಳೆ, ಬಡವರಿಗೆ ಹಂಚುವ ಧಾನ್ಯದ ಪೊಟ್ಟಣ ಕಟ್ಟುತ್ತಾಳೆ. ಮೊದಲು ಕೇಳಿದಾಗ ಒಳ್ಳೆ ಏರ್ಪಾಡು ಅನ್ನಿಸಿತು. ಆಮೇಲೆ ಅವಳೇ ಫೋನಿನಲ್ಲಿ ಹೇಳಿದಳು, "ಅಜ್ಜಿ, ನಂದು 68 ಆಯ್ತು, ಇನ್ನು ಏಳು ತಾಸು ಮುಗಿದ್ರೆ ಸಾಕು." ಮುಗಿದ್ರೆ ಸಾಕು! ನಮ್ಮಲ್ಲಿ ಇದನ್ನು ಕಡ್ಡಾಯ ಮಾಡಿದರೆ ಏನಾಗುತ್ತದೆ ಅಂತ ಹೇಳುವುದಕ್ಕೆ ಜ್ಯೋತಿಷ್ಯ ಬೇಡ. ಪ್ರಾಜೆಕ್ಟ್ ಪುಸ್ತಕವನ್ನು ಅಪ್ಪ ಅಮ್ಮ ಬರೆದು ಕೊಡುತ್ತಾರಲ್ಲ, ಹಾಗೆಯೇ ತಾಸಿನ ಪುಸ್ತಕಕ್ಕೂ ಎಲ್ಲಿಂದಲೋ ಸೀಲು ಬೀಳುತ್ತದೆ. ಆದರೆ ಅಲ್ಲಿಂದ ತೆಗೆದುಕೊಳ್ಳುವ ಒಂದು ವಿಷಯ ಇದೆ. ಅಲ್ಲಿ ಮಕ್ಕಳನ್ನು ಕರೆಯುವ ಲೈಬ್ರರಿಯವರಿಗೆ ಯಾವ ಕೆಲಸಕ್ಕೆ, ಎಷ್ಟು ಜನ, ಯಾವ ದಿನ, ಯಾರು ನೋಡಿಕೊಳ್ಳುತ್ತಾರೆ ಅಂತ ಮೊದಲೇ ಗೊತ್ತಿರುತ್ತದೆ. ನಮ್ಮಲ್ಲಿ ಮಕ್ಕಳನ್ನು ಕರೆದ ಮೇಲೆ ಕೆಲಸ ಹುಡುಕುತ್ತೇವೆ.

ಮೇ ತಿಂಗಳಲ್ಲಿ ಮಕ್ಕಳು ಮಾಡಿದ ಎರಡನೇ ಕೆಲಸದ ಬಗ್ಗೆ ಹೇಳಲೇಬೇಕು. ಇದನ್ನು ನಾನು ಯೋಚಿಸಿದ್ದಲ್ಲ. ಅಂಕೋಲಾ ತಾಲೂಕಿನ ಶಿರೂರಿನಲ್ಲಿ 2024ರ ಜುಲೈ 16ರ ಬೆಳಿಗ್ಗೆ ಹೆದ್ದಾರಿ ಮೇಲೆ ಗುಡ್ಡ ಬಿದ್ದದ್ದು ನಿಮಗೆಲ್ಲ ನೆನಪಿದೆ. ಮಣ್ಣು ಗಂಗಾವಳಿಗೆ ಬಿದ್ದ ಹೊಡೆತಕ್ಕೆ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೂ ನುಗ್ಗಿತು. ನದಿಯಲ್ಲಿ ಮುಳುಗಿದ್ದ ಲಾರಿ ಮೇಲೆ ಬರುವ ಹೊತ್ತಿಗೆ ಸೆಪ್ಟೆಂಬರ್ ಆಗಿತ್ತು. ನಮ್ಮ ಹುಡುಗರಲ್ಲಿ ಒಬ್ಬನ ಮಾವನ ಮನೆ ಆ ಕಡೆ. ಅವನು ಒಂದು ದಿನ ಕೇಳಿದ, "ಅಕ್ಕೋರೆ, ನಮ್ಮೂರಲ್ಲಿ ರಾತ್ರಿ ಹೊತ್ತು ಹಾಗೆ ಆದ್ರೆ ಯಾರ ಮನೆಗೆ ಮೊದಲು ಓಡ್ಬೇಕು?" ನನಗೆ ಉತ್ತರ ಗೊತ್ತು ಅಂದುಕೊಂಡಿದ್ದೆ. ಲೆಕ್ಕ ಹಾಕಲು ಕೂತರೆ ಗೊತ್ತಿರಲಿಲ್ಲ. ಗುಡ್ಡದ ಬುಡದ ಕೊನೇ ಮನೆಯಲ್ಲಿ ಈಗ ಯಾರಿದ್ದಾರೆ? ಅಜ್ಜ ಒಬ್ಬರೇನಾ, ಮಗಳು ಬಂದಿದ್ದಾಳಾ?

ಮೂರು ವಾರ ಇಬ್ಬಿಬ್ಬರಾಗಿ ಮನೆ ಮನೆಗೆ ಹೋದರು. ಗುಡ್ಡದ ಬುಡ, ಹೊಳೆ ಅಂಚು, ಕಾಲುಸಂಕದ ಆಚೆ ಕಡೆಯ ಮನೆಗಳು ಮಾತ್ರ. ಕೇಳಿದ್ದು ನಾಲ್ಕೇ ಪ್ರಶ್ನೆ. ರಾತ್ರಿ ಮನೆಯಲ್ಲಿ ಎಷ್ಟು ಜನ ಮಲಗುತ್ತೀರಿ, ಯಾರಿಗೆ ನಡೆಯಲು ಆಗುವುದಿಲ್ಲ, ದಿನಾ ತಪ್ಪಿಸಬಾರದ ಔಷಧಿ ಯಾರಿಗಿದೆ, ಹೊರಗಿರುವ ಮಕ್ಕಳ ಫೋನ್ ನಂಬರ್ ಏನು. ಐದನೇ ಪ್ರಶ್ನೆ ಜನರೇ ಸೇರಿಸಿದರು: ಕೊಟ್ಟಿಗೆಯಲ್ಲಿ ಎಷ್ಟು ದನ ಕಟ್ಟಿವೆ, ಬಿಚ್ಚುವವರು ಯಾರು. ಯಾಕೆಂದರೆ ದನ ಬಿಟ್ಟು ಬರುವುದಿಲ್ಲ ಅಂತ ಕೂತುಬಿಡುವವರು ಪ್ರತಿ ಮಳೆಗಾಲದಲ್ಲೂ ಇರುತ್ತಾರೆ. ಪಟ್ಟಿ ಎರಡು ಹಾಳೆ ಆಯಿತು. ಒಂದು ಪ್ರತಿ ಪಂಚಾಯತಿಗೆ, ಒಂದು ಆಶಾ ಕಾರ್ಯಕರ್ತೆಗೆ, ಒಂದು ನನ್ನ ಹತ್ತಿರ. ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕೋಣ ಅಂತ ಹುಡುಗರು ಕುಣಿದರು, ನಾನು ಬಿಡಲಿಲ್ಲ. ಯಾವ ಮನೆಯಲ್ಲಿ ಮುದುಕಿ ಒಬ್ಬಳೇ ಇದ್ದಾಳೆ ಅನ್ನುವುದು ಊರಿಗೆಲ್ಲ ಹಂಚುವ ಸುದ್ದಿ ಅಲ್ಲ.

ಮುಂಗಾರು ಹೋದ ವರ್ಷ ಅವಸರ ಮಾಡಿತು. ಕೇರಳಕ್ಕೆ ಮೇ 24ಕ್ಕೇ ಬಂತು, ಅದರ ಬೆನ್ನಿಗೇ ನಮಗೂ. ಶಾಲೆಗೆ ಇನ್ನೂ ರಜೆ. ಪಟ್ಟಿಯ ಎರಡನೇ ಹಾಳೆ ಬರೆದು ಮುಗಿದು ಒಂದು ವಾರ ಆಗಿತ್ತೋ ಇಲ್ಲವೋ. ಮಳೆಗಾಲದಲ್ಲಿ ಅದು ಬಳಕೆಗೆ ಬಂದದ್ದು ಒಂದೇ ಒಂದು ಸಲ. ಜುಲೈಯಲ್ಲಿ ಒಂದು ರಾತ್ರಿ ಹೊಳೆ ಏರಿ ಕಾಲುಸಂಕದ ಮೇಲೆ ನೀರು ಬಂದಾಗ, ಆಚೆ ಕಡೆ ಇನ್ಸುಲಿನ್ ತಗೊಳ್ಳುವ ಒಬ್ಬರು ಇದ್ದಾರೆ ಅಂತ ಪಟ್ಟಿ ನೋಡಿ ಗೊತ್ತಾಗಿ ಬೆಳಕು ಹರಿಯುವ ಮೊದಲೇ ಅವರನ್ನು ಈಚೆ ತಂದರು. ಅವರ ಮಗನಿಗೆ ಫೋನ್ ಮಾಡಲು ಹೋದರೆ ನಂಬರಿನಲ್ಲಿ ಒಂದು ಅಂಕಿ ತಪ್ಪಿತ್ತು, ಯಾರೋ ಹುಬ್ಬಳ್ಳಿಯವರು ಎದ್ದು ಬೈದರು. ಈ ವರ್ಷ ನಂಬರ್ ಬರೆದ ಕೂಡಲೇ ಅಲ್ಲೇ ನಿಂತು ಒಂದು ರಿಂಗ್ ಕೊಟ್ಟು ನೋಡಬೇಕು ಅಂತ ತೀರ್ಮಾನ ಆಗಿದೆ.

ಇಲ್ಲಿ ಒಂದು ಎಚ್ಚರಿಕೆ. ಇದನ್ನು ಓದಿ ಯಾರಾದರೂ ಅಧಿಕಾರಿಗಳಿಗೆ, ಆಹಾ, ಸರ್ವೆ ಕೆಲಸಕ್ಕೆ ಬಿಟ್ಟಿ ಮಕ್ಕಳು ಸಿಕ್ಕಿದರು ಅನ್ನಿಸಿದರೆ ದಯವಿಟ್ಟು ಬೇಡ. ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ಮಕ್ಕಳ ತಲೆಗೆ ಕಟ್ಟಬಾರದು. ಗಟಾರಕ್ಕೆ ಇಳಿಸುವುದು, ಕೈಗವಸಿಲ್ಲದೆ ಕಸ ಬೇರೆ ಮಾಡಿಸುವುದು, ಜಾತ್ರೆಯಲ್ಲಿ ಟ್ರಾಫಿಕ್ ನಿಲ್ಲಿಸುವುದು, ಪ್ರವಾಸಿಗರು ನೀರಿಗೆ ಇಳಿಯದ ಹಾಗೆ ಕಾವಲು ನಿಲ್ಲಿಸುವುದು, ಇದು ಯಾವುದೂ ಹದಿನಾಲ್ಕು ವರ್ಷದವರ ಕೆಲಸ ಅಲ್ಲ. ಕಡಲಾಮೆಯ ಮೊಟ್ಟೆ ಕಾಯುವುದು ಚೆಂದ, ಹೊನ್ನಾವರದ ಕಾಸರಕೋಡಿನ ಕಡೆ ಮರಿಗಳು ನೀರಿಗೆ ಹೋಗುವುದನ್ನು ನೋಡಿದ ಮಕ್ಕಳು ಅದನ್ನು ಜನ್ಮದಲ್ಲಿ ಮರೆಯುವುದಿಲ್ಲ. ಆದರೆ ಅರಣ್ಯ ಇಲಾಖೆಯವರು ಜೊತೆಗಿದ್ದರೆ ಮಾತ್ರ.

ಈಗ ಸರ್ಟಿಫಿಕೇಟ್ ಕಥೆ. ಕೊನೆಯ ದಿನ ಒಬ್ಬ ತಾಯಿ ಬಂದು ಕೇಳಿದರು, "ಅಕ್ಕೋರೆ, ಎಲ್ಲ ಸರಿ, ಇದಕ್ಕೆ ಏನಾದ್ರೂ ಕೊಡ್ತಾರಾ?" ನನಗೆ ಮೊದಲು ಕೋಪ ಬಂತು. ಆಮೇಲೆ ಯೋಚಿಸಿದರೆ ಕೇಳಿದ್ದರಲ್ಲಿ ತಪ್ಪೇನಿದೆ? ನಮ್ಮಂಥವರಿಗೆ ಸಂಬಳ, ನಿವೃತ್ತಿಗೆ ಶಾಲು ಎಲ್ಲ ಸಿಕ್ಕಿ ಆಗಿದೆ. ಮಕ್ಕಳು ಮಾತ್ರ ಏನೂ ಬಯಸಬಾರದು ಅನ್ನುವುದು ದೊಡ್ಡವರಿಗೆ ಹೇಳಲು ಸುಲಭ. ನಾಳೆ ಆ ಹುಡುಗಿ ಎಲ್ಲೋ ಸೀಟಿಗೆ ಹೋದಾಗ ಒಂದು ಕಾಗದ ತೋರಿಸಲು ಬೇಕಾಗಬಹುದು. ನನ್ನ ಹತ್ತಿರ ಸೀಲಿಲ್ಲ, ಅದನ್ನು ಆಫೀಸಿಗೆ ಒಪ್ಪಿಸಿ ಬಂದಿದ್ದೇನೆ. ಪೋಸ್ಟ್ ಕಾರ್ಡ್ ಇತ್ತು, ಇವತ್ತಿಗೂ 50 ಪೈಸೆ. ಐದು ಕಾರ್ಡ್ ತಗೊಂಡೆ. ಯಾರ್ಯಾರ ಕೆಲಸ ಮಾಡಿಕೊಟ್ಟಿದ್ದರೋ ಅವರನ್ನೇ ಕರೆದು, ಆ ಮಗುವಿಗೆ ಏನು ಹೇಳುತ್ತೀರಿ ಹೇಳಿ, ನಾನು ಬರೆಯುತ್ತೇನೆ ಅಂದೆ. ಎರಡು ಪಾಸ್‌ಬುಕ್ಕಿನ ಅಜ್ಜಿ ಬಹಳ ಹೊತ್ತು ಸುಮ್ನೆ ಕೂತು, "ಮಳೆಗಾಲ ಕಳೀಲಿ, ಬೆಳಚು ಸಾರು ಮಾಡ್ತೆ, ಉಣ್ಣೂಕೆ ಬಾ ಅಂತ ಬರೀರಿ" ಅಂದರು. ಹುಡುಗಿ ಸಸ್ಯಾಹಾರಿ ಮನೆಯವಳು. ಅದನ್ನೂ ಬರೆದು ಹಾಕಿದೆ. ಕಾರ್ಡು ಕುಮಟಾಕ್ಕೆ ಹೋಗಿ ಸೀಲು ಹೊಡೆಸಿಕೊಂಡು ನಾಲ್ಕು ದಿನದ ಮೇಲೆ ಪಕ್ಕದ ಮನೆಗೆ ಬಂತು.

ಬರೆಯಲು ಹೊರಟದ್ದು ಇಷ್ಟೊಂದು ಅಲ್ಲ, ಉದ್ದವಾಯಿತು. ನಿಮ್ಮಿಂದ ಬೇಕಾದದ್ದು ಒಂದೇ. ಜೂನ್ ಬಂದರೆ ನಿಮ್ಮ ಪತ್ರಿಕೆಯಲ್ಲಿ ಬ್ಯಾನರ್ ಹಿಡಿದ ಮಕ್ಕಳ ಫೋಟೋ ಅರ್ಧ ಪುಟ ಬರುತ್ತದೆ. ಆ ಜಾಗವನ್ನು ಈ ಸಲ ಮಾರ್ಚ್ ಕೊನೆಗೇ ಕೊಡಿ. ಕಾರವಾರದಿಂದ ಭಟ್ಕಳದ ತನಕ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ತನಕ, ಯಾವ ಊರಲ್ಲಿ ಹೈಸ್ಕೂಲ್ ಮಕ್ಕಳಿಗೆ ಯಾವ ಕೆಲಸ ಕಾಯುತ್ತಿದೆ ಅಂತ ಎರಡೆರಡು ಸಾಲು ಹಾಕಿ. ಗ್ರಂಥಾಲಯದವರು ಬರೆಯಲಿ, ಆಶಾ ಕಾರ್ಯಕರ್ತೆಯರು ಬರೆಯಲಿ, ಅಂಗನವಾಡಿಯವರು ಬರೆಯಲಿ. ಜೊತೆಗೆ, ಮಕ್ಕಳ ಜೊತೆ ಕೂರುವ ದೊಡ್ಡವರು ಯಾರು ಅನ್ನುವುದನ್ನೂ ಬರೆಯಲಿ. ಅದಿಲ್ಲದ ಪತ್ರ ಬಂದರೆ ಹಾಕಬೇಡಿ. ಹೈಸ್ಕೂಲಿನ ಮುಖ್ಯ ಶಿಕ್ಷಕರು ವಾರ್ಷಿಕ ಪರೀಕ್ಷೆಯ ಕೊನೆಯ ದಿನ ಮಕ್ಕಳಿಗೆ ಅದನ್ನು ಓದಿ ಹೇಳಿದರೆ ಸಾಕು, ಬೇರೆ ಆದೇಶ, ಸುತ್ತೋಲೆ ಏನೂ ಬೇಡ. ಪಂಚಾಯತಿಯವರು ಸಂಜೆಗೆ ಚಹಾ, ಅವಲಕ್ಕಿ ಕೊಟ್ಟರೆ ಉಪಕಾರ. ಹೋದ ವರ್ಷ ಅದು ನನ್ನ ಕೈಯಿಂದ ಹೋಯ್ತು.

ನಮ್ಮ ಊರಿನದ್ದು ಮೊದಲು ಬರೆದುಕೊಳ್ಳಿ. ಹೋದ ವರ್ಷದ ಹುಡುಗರೆಲ್ಲ ಪಿಯುಸಿಗೆ ಕುಮಟಾಕ್ಕೆ ಹೋಗಿದ್ದಾರೆ. ಹುಡುಗಿ ಎಸ್ಸೆಸ್ಸೆಲ್ಸಿ ಬರೆಯುತ್ತಿದ್ದಾಳೆ, ಮುಗಿದ ಮರುದಿನವೇ ಬರುತ್ತಾಳಂತೆ. ಎಪ್ರಿಲ್ ಎರಡನೇ ವಾರದಿಂದ ಸೋಮವಾರ, ಬುಧವಾರ, ಶುಕ್ರವಾರ, ಮಧ್ಯಾಹ್ನ ಮೂರರಿಂದ ಐದು, ಅರಿವು ಕೇಂದ್ರದಲ್ಲಿ. ಇನ್ನೂ ನಾಲ್ಕು ಜನ ಬೇಕು. ಕ್ರಿಕೆಟಿಗೆ ಹೋದವನೂ ಈ ಸಲ ಬರುತ್ತೇನೆ ಅಂದಿದ್ದಾನೆ, ಟೂರ್ನಮೆಂಟ್ ಮುಗಿದ ಮೇಲಂತೆ.

ಇತಿ,
ನಿವೃತ್ತ ಬ್ರಾಂಚ್ ಪೋಸ್ಟ್ ಮಾಸ್ಟರ್, ಕುಮಟಾ ತಾಲೂಕು